ಉಪ್ಪುನೀರಿನಲ್ಲಿ ಮುನ್ನೂರ ಹನ್ನೆರಡು

ಮತ್ತೆ ಅದೇ ತುತ್ತೂರಿ, ಅದೇ ಜಾಗದಲ್ಲಿ ತಪ್ಪುತ್ತಿದೆ, ಮೇಲಿನ ಸ್ವರಕ್ಕೆ ಏರಹೋಗಿ ಮೆಟ್ಟಿಲು ತಪ್ಪಿದವನ ಹಾಗೆ ಮುಗ್ಗರಿಸುತ್ತದೆ, ಗಾಳಿಕಿಂಡಿಯಿಂದ ದೂಳಿನ ಜೊತೆ ನೆಲಮಾಳಿಗೆಗೆ ಇಳಿದು ಬರುತ್ತದೆ, ಆಗಸ್ಟ್ ಆರರ ಸ್ವಾತಂತ್ರ್ಯೋತ್ಸವದ ಮೆರವಣಿಗೆಗೆ ಇನ್ನು ಹತ್ತೇ ದಿನ, ಈ ಶಾಲೆಯವರು ಇದನ್ನು ಯಾವಾಗ ಕಲಿಯುತ್ತಾರೋ ಅಂದುಕೊಳ್ಳುತ್ತ ಸೆಲೆಡೋನಿಯಾ ಪ್ಲಾಸ್ಟಿಕ್ ತೊಟ್ಟಿಗೆ ಕ್ಯಾಂಟೀನಿನಿಂದ ತಂದ ಒಂದು ಹಿಡಿ ಉಪ್ಪು ಸುರಿದು ಮರದ ಸೌಟಿನಿಂದ ತಿರುವಿದಳು, ನೀರು ಬೆರಳು ಕಚ್ಚುವಷ್ಟು ತಣ್ಣಗಿದೆ, ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಆಸ್ಪತ್ರೆಯ ನೀಲಿ ಕೋಟು, ಆದರೂ ಜುಲೈ ತಿಂಗಳ ಚಳಿಗಾಲ ಈ ಕೋಣೆಯಲ್ಲಿ ಮೂಳೆಯೊಳಗೇ ಬಂದು ಕೂರುತ್ತದೆ — ಹತ್ತೊಂಬತ್ತು ವರ್ಷ ಇಲ್ಲೇ, ಈ ಮೇಜು, ಈ ಬಲ್ಬು, ಕೆಟ್ಟ ಇನ್‌ಕ್ಯುಬೇಟರುಗಳನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಐವತ್ನಾಲ್ಕಕ್ಕೆ ಬಂದು ನಿಂತಿದ್ದಾಳೆ, ಆದರೆ ಈ ಕೆಲಸ, ಬಸುರಿಯರ ಹೊಟ್ಟೆಯ ಮೇಲೆ ಓಡಾಡುವ ಸ್ಕ್ಯಾನಿಂಗ್ ಯಂತ್ರದ ಪ್ರೋಬನ್ನು ಉಪ್ಪುನೀರಿಗೆ ಇಳಿಸಿ ಅದರಿಂದ ಕರೆಂಟು ಸೋರುತ್ತದೆಯೇ ಎಂದು ನೋಡುವ ಕೆಲಸ, ಇದು ಅವಳ ಪಾಲಿನದಾಗಿರಲಿಲ್ಲ, ಇದು ದೋನ್ ಸಾತುರ್ನಿನೋನದು, ಇನ್‌ಕ್ಯುಬೇಟರು ನಿನಗೆ ಪ್ರೋಬು ನನಗೆ ಎಂದು ಮೊದಲ ವಾರವೇ ಹಂಚಿಬಿಟ್ಟಿದ್ದ ಮುದುಕ, ತವರದ ಗಣಿ ಮುಚ್ಚಿದಾಗ ಅಲ್ಲಿನ ಎಲೆಕ್ಟ್ರಿಷಿಯನ್ ಕೆಲಸ ಕಳೆದುಕೊಂಡು ಆಸ್ಪತ್ರೆಗೆ ಬಂದವನು, ಡಿಸೆಂಬರಿನಲ್ಲಿ ನಿವೃತ್ತನಾದ, ಮಾರ್ಚಿನಲ್ಲಿ ಸತ್ತ, ಅಳೆಯುವ ಮೀಟರು ದುರಸ್ತಿಗೆಂದು ಲಾ ಪಾಸಿಗೆ ಹೋಗಿದ್ದದ್ದು ಹೋದ ವಾರವಷ್ಟೇ ವಾಪಸ್ಸು ಬಂತು, ಹಾಗಾಗಿ ಅವನಿಲ್ಲದೆ ಇದು ಮೊದಲ ಸಲ — ಎಡಗೈ ಜೇಬಿನಲ್ಲಿ, ಸೆಲಾ, ಅನ್ನುತ್ತಿದ್ದ ಮುದುಕ, ಯಾವಾಗ್ಲೂ ಎಡಗೈ ಜೇಬಿನಲ್ಲಿ, ಕರೆಂಟು ಒಂದು ಕೈಲಿ ಒಳಗೆ ಬಂದ್ರೆ ಇನ್ನೊಂದು ಕೈಲಿ ಹೊರಗೆ ಹೋಗೋಕೆ ನೋಡುತ್ತೆ, ನಡುವೆ ಎದೆ ಇದೆ ನೋಡು, ಎದೆಗೆ ದಾರಿ ಕೊಡ್ಬೇಡ — ಎಡಗೈಯನ್ನು ಜೇಬಿಗೆ ತುರುಕಿ ಬಲಗೈಯಿಂದ ಪ್ರೋಬನ್ನು ಕುತ್ತಿಗೆಯವರೆಗೆ ಮುಳುಗಿಸಿದಳು, ತಂತಿ ಸಿಕ್ಕಿಸಿದಳು, ಗುಂಡಿ ಒತ್ತಿದಳು, ಮೈ ಗಟ್ಟಿಯಿದ್ದರೆ ಕರೆಂಟು ಒಳಗೇ ಇರುತ್ತದೆ, ಎಲ್ಲಾದರೂ ಬಿರಿದಿದ್ದರೆ ಉಪ್ಪುನೀರು ಅದನ್ನು ಹುಡುಕಿ ಹಿಡಿಯುತ್ತದೆ, ಒದ್ದೆ ಹೊಟ್ಟೆಯೂ ಹಾಗೆಯೇ ಹಿಡಿಯುತ್ತದೆ, ನೂರು ದಾಟಬಾರದು, ಡಿಸೆಂಬರಿನಲ್ಲಿ ಮುದುಕ ಬರೆದದ್ದು ಅರವತ್ತೊಂದು, ಈಗ ಗಾಜಿನ ಹಿಂದೆ ಅಂಕಿ ನಡುಗಿ ನಿಂತಿತು, ಮುನ್ನೂರ ಹನ್ನೆರಡು.

ನೀರು ಚೆಲ್ಲಿ ಹೊಸ ನೀರು, ಹೊಸ ಉಪ್ಪು, ಮುನ್ನೂರ ಎಂಟು, ತಂತಿ ಬದಲಿಸಿದಳು, ಮುನ್ನೂರ ಹನ್ನೆರಡು, ಮೀಟರೇ ಸುಳ್ಳು ಹೇಳುತ್ತಿರಬಹುದು, ಪಕ್ಕದ ಹಳೆಯ ಇಸಿಜಿ ತಂತಿ ಮುಳುಗಿಸಿ ನೋಡಿದಳು, ಒಂಬತ್ತು, ಮೀಟರು ಸುಳ್ಳು ಹೇಳುತ್ತಿಲ್ಲ, ಪ್ರೋಬನ್ನು ಒರೆಸಿ ಬಲ್ಬಿನ ಕೆಳಗೆ ಹಿಡಿದು ಭೂತಗನ್ನಡಿ ಇಟ್ಟರೆ ಕಂಡಿತು, ಹೊಟ್ಟೆಗೆ ತಾಗುವ ಮೆತ್ತನೆಯ ಮುಖ ಗಟ್ಟಿ ಮೈಗೆ ಸೇರುವ ಅಂಚಿನಲ್ಲಿ ಕೂದಲಿನಷ್ಟು ಸಪೂರ ಬಿರುಕು, ಬಿರುಕಿನ ಒಳಗೆ ಹಳದಿ, ಒಣಗಿದ ಜೆಲ್ಲು, ಸೂಜಿಯಿಂದ ಕೆದಕಿದರೆ ಪದರ ಪದರವಾಗಿ ಏಳುತ್ತಿದೆ, ಹಳೆಯ ಗೋಡೆಯ ಸುಣ್ಣದ ಹಾಗೆ, ಇದು ಒಂದು ತಿಂಗಳದ್ದಲ್ಲ, ಏಳು ತಿಂಗಳದ್ದೂ ಅಲ್ಲ — ಇಷ್ಟು ಯೋಚಿಸುವ ಹೊತ್ತಿಗೆ ಮೆಟ್ಟಿಲಲ್ಲಿ ಬೂಟಿನ ಸದ್ದು, ಡಾಕ್ಟರ್ ಬಲ್ದಿವಿಯೆಸೊ, ಹೆರಿಗೆ ವಿಭಾಗದ ಮುಖ್ಯಸ್ಥ, ಕತ್ತಿಗೆ ಆಲ್ಪಾಕಾ ಉಣ್ಣೆಯ ಮಫ್ಲರು, ಏನ್ರೀ ದೋನ್ಯಾ ಸೆಲಾ, ಸೂಪು ಕುದೀತಾ, ಉಪ್ಪು ಸಾಕೋ ಇನ್ನೊಂದು ಚಿಟಿಕೆ ಬೇಕೋ, ಮೇಲೆ ಹೆಂಗಸರು ಬಯಲಿಗೆ ಹರಡಿದ ಆಲೂಗಡ್ಡೆ ಥರ ಚಳಿಗೆ ಒಣಗ್ತಾ ಇದಾರೆ, ನಲವತ್ತು ಜನ, ಬೆಳಗಿನ ಐದರಿಂದ, ಕೊಡಿ ಇತ್ತ. ಕೊಡೋಕಾಗಲ್ಲ ಡಾಕ್ಟರೇ, ಸೋರ್ತಾ ಇದೆ, ಮುನ್ನೂರ ಹನ್ನೆರಡು. ಮುನ್ನೂರ ಹನ್ನೆರಡು ಏನು, ಆನೇನಾ ಕುದುರೇನಾ? ಮೈಕ್ರೋ ಆಂಪಿಯರ್. ಅಯ್ಯೋ ಮೈಕ್ರೋ, ಅಂದರೆ ಏನೂ ಇಲ್ಲ ಅಂತ ತಾನೇ, ಅದಕ್ಕೊಂದು ಗ್ಲೌಸು ತೊಡಿಸಿ ಕೆಲಸ ಮಾಡ್ತೀವಿ ಬಿಡಿ, ಸಾತುರ್ನಿನೋ ಇದ್ದಷ್ಟು ಕಾಲ ಒಂದು ದಿನ, ಒಂದೇ ಒಂದು ದಿನ ನನ್ನ ಪ್ರೋಬು ಕೆಳಗೇ ಉಳಿದಿಲ್ಲ ಕಣ್ರೀ — ನಗುತ್ತಲೇ ಹೇಳಿದ, ಕೆಟ್ಟ ಮನುಷ್ಯನಲ್ಲ, ಕೈ ಮುಂದೆ ಚಾಚಿಕೊಂಡೇ ಇದ್ದ, ಆ ಚಾಚಿದ ಕೈ ನೋಡುತ್ತ ಅವಳಿಗೆ ಹೋದ ಅಕ್ಟೋಬರ್ ನೆನಪಾಯಿತು, ಕ್ಯಾಂಟೀನಿನಲ್ಲಿ ನರ್ಸ್ ಗ್ರೆಗೋರಿಯಾ ನೇರಳೆ ಜೋಳದ ಬಿಸಿ ಆಪಿ ಹೀರುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು, ಬಸುರಿ ಹುಡುಗಿ ಒಬ್ಬಳು ಹೇಳ್ತಾಳೆ ಕಣೇ, ಸ್ಕ್ಯಾನ್ ಮಾಡುವಾಗ ಹೊಟ್ಟೆ ಮೇಲೆ ಇರುವೆ ಹರಿದ ಹಾಗಾಗುತ್ತೆ ಅಂತ, ಒಳಗೆ ಇರೋದು ಮಗುವೋ ಹುತ್ತವೋ ಅಂದೆ, ಎಲ್ಲರೂ ನಕ್ಕರು, ಸೆಲೆಡೋನಿಯಾಳೂ ನಕ್ಕಳು, ಆಮೇಲೆ ಕೆಳಗೆ ಬಂದು ಮುದುಕನಿಗೆ ಹೇಳಿದಳು, ಅವನು ತಲೆಯೆತ್ತದೆ ಜೆಲ್ಲು ತಣ್ಣಗಿರುತ್ತಲ್ಲ ಸೆಲಾ ಅಂದ, ಹೌದು, ತಣ್ಣಗಿರುತ್ತದೆ, ಅಷ್ಟಕ್ಕೇ ಆ ಮಾತು ಮುಗಿದಿತ್ತು. ಇದನ್ನ ಹೊಟ್ಟೆ ಮೇಲೆ ಇಡೋಕೆ ನಾನು ಬಿಡಲ್ಲ ಡಾಕ್ಟರೇ, ಅಂದಳು, ತನ್ನ ದನಿ ತನಗೇ ಹೊಸದು, ಇಷ್ಟು ತಿಂಗಳಲ್ಲಿ ಈ ಕೋಣೆಯಲ್ಲಿ ಅವಳು ಆಡಿದ ಮಾತೇ ಬೆರಳೆಣಿಕೆಯಷ್ಟು, ಅದರಲ್ಲಿ ಅರ್ಧ ಸ್ಕ್ರೂಗಳಿಗೆ.

ಡಾಕ್ಟರನ ನಗು ಇಳಿಯಿತು, ಮಫ್ಲರು ಸಡಿಲಿಸಿಕೊಂಡ, ಕೇಳಿ, ಮೇಲೆ ಇಲಾರಿಯಾ ಅಂತ ಒಬ್ಬಳಿದಾಳೆ, ಕಿನ್ವಾ ಬೆಳೆಯೋ ಹಳ್ಳಿಯವಳು, ಎಂಟು ತಿಂಗಳು, ಮುಂಜಾನೆಯಿಂದ ರಕ್ತ ಹೋಗ್ತಾ ಇದೆ, ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದೆಯೋ ಇಲ್ಲವೋ ನಂಗೆ ಗೊತ್ತಾಗ್ಬೇಕು, ಕೈ ಹಾಕಿ ನೋಡೋ ಹಾಗಿಲ್ಲ, ಅಡ್ಡ ಇದ್ದು ನಾನು ಕೈ ಹಾಕಿದ್ರೆ ಅಲ್ಲೇ ಸತ್ತು ಹೋಗ್ತಾಳೆ, ಒರೂರೊ ದೊಡ್ಡಾಸ್ಪತ್ರೆಗೆ ಕಳಿಸೋಣ ಅಂದ್ರೆ ಎರಡೂವರೆ ಗಂಟೆ ದಾರಿ, ದಾರೀಲಿ ಸತ್ತರೆ ನಿಮ್ಮ ಮುನ್ನೂರ ಹನ್ನೆರಡನ್ನ ಅವಳ ಗಂಡನಿಗೆ ನೀವೇ ಹೇಳಿ — ತುತ್ತೂರಿ ಮತ್ತೆ ಮುಗ್ಗರಿಸಿತು, ಈ ಸಲ ಡೋಲೂ ನಿಂತಿತು, ರಕ್ತ, ಉಪ್ಪುನೀರು, ಎರಡೂ ಒಂದೇ, ಕರೆಂಟಿಗೆ ಎರಡೂ ಹೆದ್ದಾರಿ, ಸೆಲೆಡೋನಿಯಾಳ ಕಣ್ಣು ಕೋಣೆಯ ಸುತ್ತ ಹರಿಯಿತು, ಕಪಾಟು, ಸತ್ತ ಪ್ರೋಬುಗಳ ಪೆಟ್ಟಿಗೆ, ಮುದುಕನ ಖಾಲಿ ಕುರ್ಚಿ, ಕುರ್ಚಿಯ ಹಿಂದೆ ಗೋಣಿ ಹೊದ್ದು ಕೂತ ಕಬ್ಬಿಣದ ಡಬ್ಬ, ಹಳೆಯ ಆಪರೇಷನ್ ಕೋಣೆಯ ಟ್ರಾನ್ಸ್‌ಫಾರ್ಮರು, ಗೋಡೆಯ ಕರೆಂಟಿಗೂ ನೆಲಕ್ಕೂ ಇರುವ ನಂಟನ್ನು ಕಡಿಯುವುದು ಅದರ ಕೆಲಸ, ನಂಟೇ ಇಲ್ಲದಿದ್ದರೆ ಕರೆಂಟಿಗೆ ಮೈಯೊಳಗಿಂದ ಹಾದು ನೆಲ ಸೇರುವ ದಾರಿಯೂ ಇಲ್ಲ — ಗೋಣಿ ಎಳೆದು ಬಿಸಾಡಿದಳು, ದೂಳು, ಕೆಮ್ಮು, ಪ್ಲಗ್ಗು ಹಾಕಿದರೆ ಡಬ್ಬ ಗುಂಯ್ ಅಂದಿತು, ಪರೀಕ್ಷೆಯ ತಂತಿಯನ್ನು ಅದರ ಮೂಲಕ ಕೊಟ್ಟು ಪ್ರೋಬನ್ನು ಮತ್ತೆ ಉಪ್ಪುನೀರಿಗೆ ಇಳಿಸಿದಳು, ಹತ್ತೊಂಬತ್ತು, ಇನ್ನೊಮ್ಮೆ, ಹತ್ತೊಂಬತ್ತು, ಡಾಕ್ಟರೇ, ಆ ಕಡೆ ಹಿಡಿ ಹಿಡ್ಕೊಳ್ಳಿ, ನಲವತ್ತು ಕಿಲೋ ಇದೆ, ಸೊಂಟ ಜೋಪಾನ. ಒಬ್ಬಳಿಗೆ ಆಗೋದಾದ್ರೆ ನಲವತ್ತು ಜನಕ್ಕೂ ಆಗುತ್ತಲ್ಲ, ಎಂದ ಅವನು ಮೊದಲ ಮೆಟ್ಟಿಲಿನಲ್ಲಿಯೇ ಏದುಸಿರು ಬಿಡುತ್ತ, ಆಗಲ್ಲ, ಎಂದಳು ಅವಳು, ಮೂವತ್ತು ವರ್ಷದ ಡಬ್ಬ, ಅರ್ಧ ಗಂಟೆಗೆ ಕಾಯ್ದು ಹೊಗೆ ಕಾರುತ್ತೆ, ಬಿರುಕಿನೊಳಗೆ ಒಬ್ಬಳ ರಕ್ತ ಹೋದ್ರೆ ಯಾವ ಔಷಧಿ ಹಾಕಿ ತೊಳೆದ್ರೂ ಬರಲ್ಲ, ಇದು ಒಬ್ಬಳಿಗೆ, ಅವಳು ಸಾಯ್ತಾಳೆ ಅಂತ, ಅಷ್ಟೇ. ನೀವು ತುಂಬ ಕಠಿಣ ದೋನ್ಯಾ ಸೆಲಾ. ಬಲಗಡೆ ತಿರುಗಿ, ಗೋಡೆ ಇದೆ.

ಉದ್ದ ಮೊಗಸಾಲೆಯ ಎರಡೂ ಕಡೆ ಹೆಂಗಸರು, ಪದರ ಪದರದ ಲಂಗ, ಬೆನ್ನಿಗೆ ಕಟ್ಟಿದ ಬಣ್ಣದ ಕಂಬಳಿ, ಮಡಿಲಲ್ಲಿ ಟೋಪಿ, ಎಲ್ಲ ಕಣ್ಣುಗಳೂ ಕಬ್ಬಿಣದ ಡಬ್ಬದ ಮೇಲೆ, ಸ್ಕ್ಯಾನಿಂಗ್ ಕೋಣೆಯಲ್ಲಿ ಇಲಾರಿಯಾ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಇಪ್ಪತ್ತೆರಡೋ ಇಪ್ಪತ್ಮೂರೋ, ಕೆನ್ನೆ ಗಾಳಿಗೆ ಒಡೆದಿದೆ, ತುಟಿ ಮಾತ್ರ ಬಿಳಿ, ನರ್ಸ್ ಗ್ರೆಗೋರಿಯಾ ಹತ್ತಿಯ ಮೇಲೆ ಹತ್ತಿ ಬದಲಿಸುತ್ತಿದ್ದಳು, ಸೆಲೆಡೋನಿಯಾ ಯಂತ್ರವನ್ನು ಡಬ್ಬಕ್ಕೆ ಸಿಕ್ಕಿಸಿ ಚಾಲೂ ಮಾಡಿದಳು, ಹತ್ತೊಂಬತ್ತು ಅನ್ನುವುದು ಕೆಳಗಿನ ನೀರಿನ ಮಾತು, ಇದು ಮೇಲಿನ ಗೋಡೆ, ಮೇಲಿನ ಪ್ಲಗ್ಗು, ಬೇರೆ ನೆಲ, ಒಂದೇ ಉಸಿರಿಗೆ ಸ್ವೆಟರುಗಳನ್ನೆಲ್ಲ ಎತ್ತಿ ಗದ್ದದಡಿ ಸಿಕ್ಕಿಸಿಕೊಂಡಳು, ಜೆಲ್ಲು ಹಿಂಡಿಕೊಂಡಳು, ಏನೇ ಇದು ಸೆಲಾ, ನಿಂಗೇನಾಯ್ತೇ, ಎಂದಳು ಗ್ರೆಗೋರಿಯಾ, ಸುಮ್ನಿರು, ಅಂದು ಬಲಗೈಯಿಂದ ಪ್ರೋಬನ್ನು ತನ್ನ ಹೊಟ್ಟೆಗೆ ಒತ್ತಿದಳು, ಬಿರುಕಿನ ಕಡೆಯೇ ಬರುವಂತೆ ಒತ್ತಿದಳು, ಆಮೇಲೆ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಕರೆಂಟಿನ ಮುಂದೆ ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದು ಗೋಡೆಯ ನೀರಿನ ನಲ್ಲಿಯನ್ನು ಹಿಡಿದುಕೊಂಡಳು, ಎದೆಗೆ ದಾರಿ ಕೊಟ್ಟಳು, ಕಾದಳು — ಇರುವೆ ಇಲ್ಲ, ಸೂಜಿ ಇಲ್ಲ, ನಲ್ಲಿಯ ತಣ್ಣನೆ, ಜೆಲ್ಲಿನ ತಣ್ಣನೆ, ಅಷ್ಟೇ, ಪರದೆಯ ಮೇಲೆ ಬೂದು ಬಣ್ಣದಲ್ಲಿ ಅವಳದೇ ಒಳಗು ಅಲೆಯಾಡುತ್ತಿತ್ತು, ಎಷ್ಟು ಸಾವಿರ ಹೊಟ್ಟೆಗಳ ಪ್ರೋಬನ್ನು ಈ ಕೈ ಹೊತ್ತು ತಂದು ಕೊಟ್ಟಿರಬಹುದು, ಈ ಹೊಟ್ಟೆಗೆ ಇದು ತಾಗಿದ್ದು ಈಗಲೇ, ಇದನ್ನು ಹೀಗೆ ಹಿಡಿದು ನೋಡುವ ಕಾರಣ ಯಾರೂ ಎಂದೂ ಕೊಟ್ಟಿರಲಿಲ್ಲ, ಗರ್ಭಕೋಶ, ಚಿಕ್ಕ ಬೂದು ಮುಷ್ಟಿ, ಮುದುಡಿಕೊಂಡಿದೆ, ಅದರೊಳಗೆ ಯಾರೂ ಇಲ್ಲ, ಬೆಳಕೂ ಇಲ್ಲ, ಡಾಕ್ಟರನೂ ನೋಡಿದ, ನೋಡಿ ಕಣ್ಣು ಬೇರೆಡೆಗೆ ಹೊರಳಿಸಿದ, ಆ ಹೊರಳಿಸಿದ್ದು ಅವಳಿಗೆ ಇರುವೆಗಿಂತ ಹೆಚ್ಚು ಕಚ್ಚಿತು, ಸರಿಯಾಗಿದೆ, ತಗೊಳ್ಳಿ, ಅಂದು ಪ್ರೋಬನ್ನು ಒರೆಸಿ ಗ್ಲೌಸು ತೊಡಿಸಿ ಅವನ ಕೈಗಿಟ್ಟಳು, ತಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಳು, ಏನಾದ್ರೂ ಚುರುಗುಟ್ಟಿದ್ರೆ ಹೇಳು ಮಗಳೇ, ಇರುವೆ ಹರಿದ ಹಾಗಾದ್ರೂ ಸಾಕು, ಹೇಳು, ನಾನು ನಗಲ್ಲ. ಇಲಾರಿಯಾ ತಲೆಯಾಡಿಸಿದಳು, ಇಲ್ಲಮ್ಮ, ಏನೂ ಇಲ್ಲ, ಮಗು ಇದೆಯಾ? ಮಗು ಇತ್ತು, ಎದೆ ಬಡಿತ ಪರದೆಯ ಮೇಲೆ ಪಟಪಟ ಹೊಡೆಯುತ್ತಿತ್ತು, ಅದರ ಕೆಳಗೆ ಮಾಸು, ಬಾಗಿಲಿಗೆ ಅಡ್ಡ ಮಲಗಿದ ನಾಯಿಯ ಹಾಗೆ ಪೂರ್ತಿ ಅಡ್ಡ, ಅಡ್ಡ ಇದೆ, ಸಾಕು, ಆಪರೇಷನ್ನಿಗೆ ತಗೊಂಡು ನಡೀರಿ, ಈಗಲೇ, ಎಂದು ಡಾಕ್ಟರ್ ಮಫ್ಲರನ್ನು ಕಿತ್ತೆಸೆದ, ನಾಲ್ಕು ನಿಮಿಷವೂ ಆಗಿರಲಿಲ್ಲ, ಮಂಚ ಹೋಯಿತು, ಗ್ರೆಗೋರಿಯಾ ಹೋದಳು, ಕೋಣೆಯಲ್ಲಿ ಉಳಿದದ್ದು ಗುಂಯ್ ಅನ್ನುವ ಡಬ್ಬ ಮತ್ತು ಅವಳು, ಸ್ವಿಚ್ಚು ಆರಿಸಿದಳು, ಪರದೆ ಕಪ್ಪಾಯಿತು, ಪ್ರೋಬಿನ ಕುತ್ತಿಗೆಗೆ ಕೆಂಪು ಚೀಟಿ ಕಟ್ಟಿದಳು, ಗಂಟು ಬಿಗಿಯಾಗಿರಲಿ ಎಂದು ಹಲ್ಲಿನಿಂದ ಎಳೆದಳು.

ಮೊಗಸಾಲೆಯಲ್ಲಿ ಹೇಳಬೇಕಾದವಳು ಅವಳೇ, ಬೇರೆ ಯಾರೂ ಇರಲಿಲ್ಲ, ಇವತ್ತು ಸ್ಕ್ಯಾನಿಂಗ್ ಇಲ್ಲ, ಹೊಸ ಪ್ರೋಬು ಬರೋಕೆ ಮೂರು ವಾರ ಬೇಕು, ಅಷ್ಟರಲ್ಲಿ ಅವಸರ ಇರೋರು ಒರೂರೊಗೆ ಹೋಗ್ಬೇಕು — ಒಬ್ಬಳು, ಎಲ್ಲರಿಗಿಂತ ವಯಸ್ಸಾದವಳು, ಸೊಸೆಯ ಜೊತೆ ಬಂದವಳು, ಎದ್ದು ನಿಂತು, ಈಗ ತಾನೆ ಅವಳಿಗೆ ಮಾಡಿದ್ರಿ, ನಮ್ಮ ಹೊಟ್ಟೇಲಿ ಇರೋದೇನು ಕಲ್ಲಾ? ಕೆಟ್ಟಿದೆಯಮ್ಮ, ಕರೆಂಟು ಸೋರುತ್ತೆ. ನಿನ್ನೆ ಸೋರ್ತಾ ಇರ್ಲಿಲ್ವಾ, ಮೊನ್ನೆ ಸೋರ್ತಾ ಇರ್ಲಿಲ್ವಾ, ನನ್ನ ಸೊಸೆಗೆ ಮೇ ತಿಂಗಳಲ್ಲಿ ಇದರಲ್ಲೇ ಮಾಡಿದ್ರಲ್ಲ, ಆಗ ಯಾರ ಕಣ್ಣು ಎಲ್ಲಿ ಹೋಗಿತ್ತು? ಸೆಲೆಡೋನಿಯಾ ತಿರುಗಿ ಸ್ಕ್ಯಾನಿಂಗ್ ಕೋಣೆಯ ಬಾಗಿಲು ಎಳೆದು ಮುಚ್ಚಿದಳು, ಇವಳೇ ಕಣ್ರೇ, ಕೆಳಗಿನ ಕೋಣೆಯವಳು, ಮಕ್ಕಳು ಮರಿ ಇಲ್ಲದವಳಂತೆ, ಇವಳಿಗೇನು ಗೊತ್ತಾಗುತ್ತೆ ಬಿಡು — ಬೆನ್ನ ಹಿಂದೆ, ಕಂಬಳಿಗಳನ್ನು ಕೊಡವುವ ಸದ್ದಿನ ನಡುವೆ, ಯಾರು ಅಂದರೋ, ಲಂಗಗಳು ಸರಸರ ಹಾದು ಹೋದವು, ಕುರಿಯುಣ್ಣೆಯ ವಾಸನೆ, ಹೊಗೆಯ ವಾಸನೆ, ಒಂದು ಪುಟ್ಟ ಹುಡುಗಿ ಅಮ್ಮನ ಕೈ ಹಿಡಿದು ಹೋಗುತ್ತ ತಿರುಗಿ ತಿರುಗಿ ಅವಳನ್ನೇ ನೋಡಿತು, ಬಾಗಿಲು ತೆರೆದಾಗೆಲ್ಲ ಗಾಳಿ ನುಗ್ಗಿತು, ಕಡೆಗೆ ಬೆಂಚುಗಳ ಮೇಲೆ ಉಳಿದದ್ದು ಕಿತ್ತಳೆ ಸಿಪ್ಪೆ. ಹನ್ನೊಂದರ ಹೊತ್ತಿಗೆ ಗ್ರೆಗೋರಿಯಾ ಆಪರೇಷನ್ ಕೋಣೆಯಿಂದ ಓಡುತ್ತ ಬಂದಳು, ಹೆಣ್ಣು, ಎರಡು ಕಿಲೋ, ಬೆಕ್ಕಿನ ಮರಿ ಥರ ಅಳ್ತಾ ಇದೆ, ತಾಯಿಗೂ ಏನೂ ಆಗಿಲ್ಲ, ಅನ್ನುತ್ತಲೇ ಮುಂದಕ್ಕೆ ಓಡಿದಳು, ರಕ್ತದ ಬಾಟಲಿಗೆ, ಸೆಲೆಡೋನಿಯಾ ಒಳ್ಳೇದಾಯ್ತು ಅಂದಳು, ಅನ್ನುವ ಹೊತ್ತಿಗೆ ಕೇಳುವವರು ಇರಲಿಲ್ಲ.

ಕೆಳಗೆ ತೊಟ್ಟಿಯ ನೀರು ಹಾಗೆಯೇ ಇದೆ, ಅಂಚಿನಲ್ಲಿ ಉಪ್ಪು ಬಿಳಿಗಟ್ಟುತ್ತಿದೆ, ಚೆಲ್ಲಬೇಕು, ಮೊದಲು ಬರೆಯಬೇಕು, ಹಸಿರು ರಟ್ಟಿನ ದಪ್ಪ ಪುಸ್ತಕ, ಇದುವರೆಗೆ ಅವಳು ಕೊನೆಯ ಪುಟವನ್ನಷ್ಟೇ ನೋಡಿದ್ದಳು, ಈಗ ಹಿಂದಕ್ಕೆ ಮಗುಚಿದಳು, ಡಿಸೆಂಬರ್ ಅರವತ್ತೊಂದು, ನವೆಂಬರ್ ಐವತ್ತೆಂಟು, ಅಕ್ಟೋಬರ್, ಇರುವೆಯ ಅಕ್ಟೋಬರ್, ಅರವತ್ತೊಂದು, ಸೆಪ್ಟೆಂಬರ್ ಐವತ್ತೆಂಟು, ಅರವತ್ತೊಂದು, ಐವತ್ತೆಂಟು, ಬಲಗಾಲು ಎಡಗಾಲು ಬಲಗಾಲು ಎಡಗಾಲು, ಮೂರು ವರ್ಷ, ಪುಟ ಹಿಂದೆ ಹೋದಂತೆ ಅಕ್ಷರ ಸಣ್ಣದಾಗುತ್ತ ಹೋಗುತ್ತದೆ, ಗೆರೆಯೊಳಗೆ ಸರಿಯುತ್ತದೆ, ಮೂರು ವರ್ಷದ ಆಚೆ ಮಾತ್ರ ಅಂಕಿಗಳು ನಿಜವಾದ ಅಂಕಿಗಳ ಹಾಗೆ ಅಲೆದಾಡುತ್ತವೆ, ಐವತ್ತೈದು, ಎಪ್ಪತ್ತು, ಅರವತ್ಮೂರು, ಅವನ ಕಪಾಟಿನ ಕೆಳಗಿನ ಉಪ್ಪಿನ ಚೀಲ ಎಳೆದಳು, ಹೊಲಿಗೆ ಬಿಚ್ಚಿಲ್ಲ, ಚೀಲದ ಮೇಲಿನ ವರ್ಷ ನೋಡಿದಳು, ಮೂರು ವರ್ಷದ ಹಿಂದಿನದು, ಅಂದಿನಿಂದ ನೀರಿಗೆ ಉಪ್ಪೇ ಬಿದ್ದಿಲ್ಲ, ಕಪಾಟು ಮುಚ್ಚಿದಳು, ಮುದುಕಾ, ಎಂದಳು, ಜೋರಾಗಿಯೇ, ಸೋಮಾರಿಯಲ್ಲ ನೀನು, ಸಡಿಲವಾದ ಒಂದು ಸ್ಕ್ರೂ ಬಿಟ್ಟು ಮನೆಗೆ ಹೋದವನಲ್ಲ, ಮತ್ತೇಕೆ — ಆಗ ನೆನಪಿಗೆ ಬಂತು ಅದು, ಗಾಜು, ಮೀಟರಿನ ಗಾಜು, ಅದಕ್ಕೆ ಮೂಗು ತಾಗುವಷ್ಟು ಬಾಗಿದ ಅವನ ಮುಖ, ಈ ಚಳಿಯಲ್ಲಿ ಉಸಿರು ಗಾಜಿನ ಮೇಲೆ ಮಸುಕಾಗಿ ಕೂರುತ್ತಿತ್ತು, ಅವನು ತೋಳಿನಿಂದ ಒರೆಸುತ್ತಿದ್ದ, ಮತ್ತೆ ಬಾಗುತ್ತಿದ್ದ, ಮತ್ತೆ ಮಸುಕು, ಎಷ್ಟು ಶ್ರದ್ಧೆ ಈ ಮುದುಕನಿಗೆ ಅಂದುಕೊಂಡಿದ್ದಳು ಅವಳು, ಇನ್‌ಕ್ಯುಬೇಟರಿನ ಮುಂದೆ ಬೆನ್ನು ತಿರುಗಿಸಿ ಕೂತು, ಎಷ್ಟು ಬಂತು ದೋನ್, ಎಂದು ಕೇಳುತ್ತಿದ್ದಳು, ಪ್ರತಿ ತಿಂಗಳೂ ಕೇಳುತ್ತಿದ್ದಳು, ಗಾಜನ್ನು ಇನ್ನೊಮ್ಮೆ ಒರೆಸಿ ಅವನು ಹೇಳುತ್ತಿದ್ದ, ಐವತ್ತೆಂಟು, ಸೆಲಾ, ಆಯ್ತು. ಕಣ್ಣು ಹೋಗಿತ್ತು ಅವನದು. ಹೆಂಡತಿ ಸತ್ತು ಮಗಳು ಕೋಚಬಾಂಬ ಸೇರಿದ ಮೇಲೆ ಅವನಿಗೆ ಉಳಿದದ್ದು ಈ ಕೋಣೆ, ಕಣ್ಣು ಹೋಯಿತು ಅಂದರೆ ಈ ಕೋಣೆಯೂ ಹೋಗುತ್ತದೆ, ಅದಕ್ಕೇ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ, ಅವಳ ಕಣ್ಣು ಎರಡು ಮಾರು ದೂರದಲ್ಲಿತ್ತು, ದೋನ್, ನಾನು ಓದಿ ಹೇಳ್ತಿದ್ದೆನಲ್ಲ, ಯಾರಿಗೂ ಗೊತ್ತಾಗ್ತಿರ್ಲಿಲ್ಲ, ತಿಂಗಳಿಗೊಂದು ಸಲ ಕುರ್ಚಿಯಿಂದ ಎದ್ದು ಬಂದು ಓದಿ ಹೇಳೋದು ಎಷ್ಟು ಹೊತ್ತಿನ ಕೆಲಸ — ಹತ್ತೊಂಬತ್ತು ವರ್ಷ ಒಂದೇ ಮೇಜಿನಲ್ಲಿ ಊಟ, ಒಂದೇ ಕೆಟಲಿನ ಕೋಕಾ ಚಹಾ, ಅವಳಿಗೆ ಅದೇ ಮನೆ ಅನ್ನಿಸಿತ್ತು, ಇಬ್ಬರು ಇದ್ದಾರೆ ಅನ್ನಿಸಿತ್ತು, ಅವನು ಒಂದು ಮೂಲೆಯಲ್ಲಿ ಕತ್ತಲೆಗೆ ಇಳಿಯುತ್ತಿದ್ದ, ಅವಳು ಇನ್ನೊಂದು ಮೂಲೆಯಲ್ಲಿ ಸ್ಕ್ರೂ ತಿರುಗಿಸುತ್ತಿದ್ದಳು, ಡಿಸೆಂಬರಿನ ಕೊನೆಯ ದಿನ ಮೀಟರನ್ನು ಅವಳ ಕೈಗಿಟ್ಟು ಅಂದಿದ್ದ, ಇನ್ಮೇಲೆ ಇದನ್ನ ನೀನೇ ನೋಡ್ಬೇಕು ಸೆಲಾ, ಆಯ್ತು ಅಂದಿದ್ದಳು, ಮುಖ ನೋಡಿರಲಿಲ್ಲ, ಕೇಕು ಕತ್ತರಿಸುತ್ತಿದ್ದಳು.

ಪೆನ್ನು ತೆಗೆದಳು, ಜುಲೈ, ಮುನ್ನೂರ ಹನ್ನೆರಡು, ಕೆಂಪು ಚೀಟಿ, ಬಳಕೆಗೆ ಇಲ್ಲ, ಷರಾ ಎಂಬ ಕಡೆ ಕೈ ನಿಂತಿತು, ಬಿರುಕು ಹಳೆಯದು ಎಂದು ಬರೆದರೆ ಎಷ್ಟು ಹಳೆಯದು ಎಂದು ಕೇಳುತ್ತಾರೆ, ಎಷ್ಟು ಹಳೆಯದು ಎಂದರೆ ಈ ಐವತ್ತೆಂಟು ಅರವತ್ತೊಂದು ಯಾರದು ಎಂದು ಕೇಳುತ್ತಾರೆ, ಬರೆಯದಿದ್ದರೆ ಮೂರು ವರ್ಷದ ಹೊಟ್ಟೆಗಳಿಗೆ, ಹುತ್ತವಿದೆಯಾ ಎಂಬ ನಗೆಗೆ ಈಡಾದ ಆ ಹುಡುಗಿಗೆ, ಏನೂ ಆಗಿರಲಿಲ್ಲ ಎಂದು ತಾನೇ ಬರೆದ ಹಾಗೆ, ಬರೆದಳು, ಬಿರುಕು ಹಳೆಯದು, ಹಿಂದಿನ ಮೂರು ವರ್ಷದ ಅಂಕಿಗಳನ್ನು ನಂಬಬಾರದು, ಪರೀಕ್ಷಕರಿಗೆ ಕಣ್ಣು ಕಾಣುತ್ತಿರಲಿಲ್ಲ, ಇಷ್ಟು ಬರೆದು, ಸಹಿ ಹಾಕುವ ಮೊದಲು, ಯಾರೂ ಕೇಳದ ಇನ್ನೊಂದು ಸಾಲು, ನಾನೂ ಅದೇ ಕೋಣೆಯಲ್ಲಿದ್ದೆ — ಶಾಯಿ ಒಣಗಲಿ ಎಂದು ಊದಿದಳು, ಉಸಿರು ಬಿಳಿಯಾಗಿ ಪುಟದ ಮೇಲೆ ಹಾದು ಹೋಯಿತು, ಹೊರಗೆ ಬ್ಯಾಂಡಿನವರು ಊಟಕ್ಕೆ ಹೋದರೇನೋ, ಸದ್ದಿಲ್ಲ, ತೊಟ್ಟಿ ಖಾಲಿ ಮಾಡಬೇಕು, ಡಬ್ಬ ಕೆಳಗೆ ತರಬೇಕು, ಒಬ್ಬಳಿಂದಲೇ ಆಗುವುದಿಲ್ಲ, ಯಾರನ್ನಾದರೂ ಕರೆಯಬೇಕು, ಯಾರನ್ನು, ಗಾಜು, ಗಾಜಿಗೆ ಬಾಗಿದ ಮುಖ, ಕಾಣಲಿ ಎಂದು ಇನ್ನಷ್ಟು ಹತ್ತಿರ ಬಾಗುತ್ತಾನೆ, ಹತ್ತಿರ ಬಾಗಿದಷ್ಟೂ ಅವನದೇ ಉಸಿರು ಅಂಕಿಯನ್ನು ಮುಚ್ಚುತ್ತದೆ, ಒರೆಸುತ್ತಾನೆ, ಬಾಗುತ್ತಾನೆ, ಗಾಜಿನ ಮೇಲೆ ಅಂಗೈಯಗಲ ಮಸುಕು, ಒರೆಸುತ್ತಾನೆ, ಮಸುಕು —